ಚೆನ್ನೈ ಬಿಸಿಲಿಗೆ ಹೊರಟ ಹೊಸ ಮಿಷನರಿಗಳಿಗೆ: ಬೆಳಗಿನಿಂದ ರಾತ್ರಿವರೆಗೆ

ಬೆಂಗಳೂರಿನಲ್ಲಿ ಬೆಳೆದವರನ್ನು ಮಿಷನ್ ಸೇವೆಗೆ ಚೆನ್ನೈಗೆ ಹಾಕಿದರೆ, ಅವರು ತಮಿಳಿಗಿಂತ ಮೊದಲು ಕಲಿಯಬೇಕಾದದ್ದು ಅಲ್ಲಿನ ಸೆಕೆಯ ಜೊತೆ ಬದುಕುವುದನ್ನು. ನಾನು ಬೆಂಗಳೂರಿನವನು, ಚೆನ್ನೈಯಲ್ಲಿ ಸೇವೆ ಮಾಡಿ ಬಂದವನು. ಈಗ ಹೊರಡುತ್ತಿರುವ ತಮ್ಮ ತಂಗಿಯರು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳನ್ನು ಕಳಿಸಿಕೊಡುವ ಅಪ್ಪ ಅಮ್ಮಂದಿರೂ ಓದಲಿ.

ಈ ಲೋಕ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಜನ ಮಾರ್ಮನ್ ಅಂತ ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಸಭೆಯಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮನೆ ಬಿಟ್ಟು ಸೇವೆಗೆ ಹೋಗುತ್ತಾರೆ. ಹುಡುಗರನ್ನು ಎಲ್ಡರ್, ಹುಡುಗಿಯರನ್ನು ಸಿಸ್ಟರ್ ಅಂತ ಕರೆಯುತ್ತಾರೆ. ಯಾವಾಗಲೂ ಇಬ್ಬಿಬ್ಬರಾಗಿಯೇ ಇರಬೇಕು. ಆ ಜೊತೆಗಾರರೇ ಕಂಪ್ಯಾನಿಯನ್. ಸಂಬಳ ಇರುವುದಿಲ್ಲ. ಒಬ್ಬ ಪ್ರೆಸಿಡೆಂಟರ ಮೇಲ್ವಿಚಾರಣೆಯಲ್ಲಿರುವ ಸೇವಾ ಪ್ರದೇಶಕ್ಕೂ ಮಿಷನ್ ಅಂತಲೇ ಹೆಸರು. ಬೆಂಗಳೂರು ಮಿಷನ್ ಶುರುವಾದದ್ದು 1993ರಲ್ಲಿ. ಅಂದಿನಿಂದ ದಕ್ಷಿಣ ಭಾರತದ ಬಿಸಿಲಿನ ಊರುಗಳಲ್ಲಿ ಬಿಳಿ ಶರ್ಟು, ಹೆಸರು ಬರೆದ ಕಪ್ಪು ಟ್ಯಾಗಿನ ಹುಡುಗರು ಓಡಾಡುತ್ತಲೇ ಇದ್ದಾರೆ.

ನಾನು ಮುಖ್ಯವಾಗಿ ಹೇಳಬೇಕಿರುವುದು ಇಷ್ಟು. ಉತ್ಸಾಹದಲ್ಲಿ ಹೊರಟ ಹದಿನೆಂಟು, ಹತ್ತೊಂಬತ್ತರ ಮಕ್ಕಳು ಬಿಸಿಲನ್ನು ಒಂದು ಪರೀಕ್ಷೆ ಅಂದುಕೊಳ್ಳುತ್ತಾರೆ. ತಡೆದುಕೊಂಡಷ್ಟೂ ಭಕ್ತಿ ಜಾಸ್ತಿ ಅನ್ನುವ ಹಾಗೆ. ದಯವಿಟ್ಟು ಹಾಗೆ ಯೋಚಿಸಬೇಡಿ. ದೇಹವನ್ನು ನೋಡಿಕೊಳ್ಳುವುದೂ ನಿಮಗೆ ಒಪ್ಪಿಸಿದ ಕೆಲಸವೇ.

ಮೊದಲ ಹೆಜ್ಜೆ: ಇದು ಯಾವ ಥರದ ಬಿಸಿಲು ಅಂತ ತಿಳಿದುಕೊಳ್ಳಿ

ಕಲಬುರಗಿ, ರಾಯಚೂರಿನ ಹುಡುಗರು "ನಮಗೇನು ಬಿಸಿಲು ಹೊಸದಾ?" ಅಂತ ಹೋಗುತ್ತಾರೆ. ಅಲ್ಲಿಯದು ಒಣ ಬಿಸಿಲು. ನೆರಳಿಗೆ ಬಂದರೆ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಚೆನ್ನೈಯಲ್ಲಿ ಗಾಳಿಯಲ್ಲೇ ನೀರಿನ ಅಂಶ ತುಂಬಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈಯ ಕಾವು ಇಳಿಯುವುದಿಲ್ಲ. ಹಾಗಾಗಿ 36 ಡಿಗ್ರಿ ಅಂತ ಫೋನ್ ತೋರಿಸಿದರೂ ಮೈಗೆ ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನಿಸುತ್ತದೆ. ಮಂಗಳೂರು, ಕಾರವಾರದವರಿಗೆ ಇದು ಬೇಗ ಅರ್ಥವಾಗುತ್ತದೆ. ಹವಾಮಾನ ಇಲಾಖೆ ಕೂಡ ಬಯಲು ಸೀಮೆಯಲ್ಲಿ 40 ಡಿಗ್ರಿ ಆದಾಗ ಬಿಸಿಗಾಳಿಯ ಲೆಕ್ಕ ಶುರು ಮಾಡಿದರೆ, ಕರಾವಳಿಯಲ್ಲಿ 37ಕ್ಕೇ ಶುರು ಮಾಡುತ್ತದೆ.

ಇನ್ನೊಂದು ವಿಷಯ. ನಮ್ಮಲ್ಲಿ ಜೂನ್ ಬಂದರೆ ಮಳೆ, ಅಲ್ವಾ? ಚೆನ್ನೈಗೆ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರ್ ನಡುವೆ. ಜೂನ್, ಜುಲೈಯಲ್ಲೂ ಸೆಕೆ ಬಿಡುವುದಿಲ್ಲ. ಮೇ ತಿಂಗಳ ಮೊದಲ ವಾರದಿಂದ ಕೊನೆಯ ವಾರದವರೆಗಿನ ದಿನಗಳನ್ನು ಅಲ್ಲಿನವರು ಅಗ್ನಿ ನಕ್ಷತ್ರ, ಕತ್ತಿರಿ ಅಂತ ಕರೆಯುತ್ತಾರೆ. 2003ರ ಮೇ 31ರಂದು 45 ಡಿಗ್ರಿ ಮುಟ್ಟಿದ ಊರು ಅದು. ಅಲ್ಲಿನ ಹಿರಿಯರು ಕತ್ತಿರಿಯಲ್ಲಿ ಮಧ್ಯಾಹ್ನ ಹೊರಗೆ ಹೋಗಬೇಡಿ ಅಂದರೆ ಅದು ಅನುಭವದ ಮಾತು, ಕೇಳಿ.

ಎರಡನೆಯದು: ಪೆಟ್ಟಿಗೆ ಕಟ್ಟುವಾಗ

ಶರ್ಟು ತೆಗೆದುಕೊಳ್ಳುವಾಗ ಬಟ್ಟೆ ಮುಟ್ಟಿ ನೋಡಿ. ಪೂರ್ತಿ ಪಾಲಿಯೆಸ್ಟರ್ ಬೇಡ. ತೆಳು ಹತ್ತಿ ಒಳ್ಳೆಯದು. ಆದರೆ ಅದನ್ನು ದಿನಾ ಇಸ್ತ್ರಿ ಮಾಡಬೇಕು, ಒಣಗುವುದೂ ನಿಧಾನ. ಹತ್ತಿ ಜಾಸ್ತಿ ಇರುವ ಮಿಶ್ರ ಬಟ್ಟೆ ಎರಡಕ್ಕೂ ಸರಿಹೋಗುತ್ತದೆ. ಅರ್ಧ ತೋಳಿನದೇ ಇರಲಿ. 2020ರಿಂದ ಎಲ್ಡರ್‌ಗಳಿಗೆ ಬಿಳಿಯ ಜೊತೆಗೆ ತಿಳಿ ನೀಲಿ ಶರ್ಟಿಗೂ ಒಪ್ಪಿಗೆ ಇದೆ, ಕೆಲವು ಕಡೆ ಟೈ ಕಟ್ಟದೆಯೂ ಇರಬಹುದು. ನಿಮ್ಮ ಮಿಷನ್‌ನಲ್ಲಿ ಏನು ನಿಯಮ ಅಂತ ಮೊದಲೇ ಕೇಳಿ. ಸಿಸ್ಟರ್‌ಗಳು 2018ರ ಕೊನೆಯಿಂದ ಪ್ಯಾಂಟು ಹಾಕಬಹುದು. ಸೆಕೆಯಲ್ಲಿ ಉದ್ದದ ಹತ್ತಿ ಸ್ಕರ್ಟಿಗೆ ಗಾಳಿಯಾಡುತ್ತದೆ, ಬಸ್ಸು ಹತ್ತಿ ಇಳಿಯಲು ಪ್ಯಾಂಟು ಸಲೀಸು. ಎರಡೂ ಇಟ್ಟುಕೊಳ್ಳಿ. ಟೆಂಪಲ್ ಗಾರ್ಮೆಂಟ್ (ದೇವಾಲಯದ ವಿಧಿ ಆದವರು ಒಳಗೆ ಹಾಕುವ ಪವಿತ್ರ ಉಡುಪು) ಧರಿಸುವವರು ತೆಳು ಬಟ್ಟೆಯದನ್ನೇ ಆರಿಸಿ. ಸೆಕೆಯ ದೇಶಗಳನ್ನು ಮನಸ್ಸಿನಲ್ಲಿಟ್ಟು ತಂದ ಹೊಸ ವಿನ್ಯಾಸದ ವಿಷಯ 2024ರಲ್ಲಿ ಪ್ರಕಟವಾಗಿದೆ, ಅದನ್ನು ವಿಚಾರಿಸಿ.

ಶೂ ಎರಡು ಜೊತೆ ಬೇಕೇ ಬೇಕು. ಒಂದು ದಿನ ಒಂದು, ಮರುದಿನ ಇನ್ನೊಂದು. ಬೆವರಿನ ಶೂ ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲ. ಹಸಿ ಶೂ ಮತ್ತೆ ಹಾಕಿದರೆ ಬೆರಳ ಸಂದಿಯಲ್ಲಿ ಬೇಗ ಹುಣ್ಣಾಗುತ್ತದೆ. ಹತ್ತಿ ಸಾಕ್ಸ್ ಬೇಕಾದಷ್ಟು ಇರಲಿ. ಒಂದು ಜೊತೆ ಬ್ಯಾಗಿನಲ್ಲೇ ಇಟ್ಟುಕೊಂಡು ಮಧ್ಯಾಹ್ನ ಬದಲಿಸಿ.

ಇನ್ನು ಕೊಡೆ. ಬಿಸಿಲಿಗೆ ಕೊಡೆ ಹಿಡಿಯಲು ಹುಡುಗರಿಗೆ ನಾಚಿಕೆ. ಬಿಡಿ ಆ ನಾಚಿಕೆ. ತಲೆಗೆ ನೆರಳು ಎಷ್ಟು ಸಹಾಯ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಮೂರನೆಯದು: ಮೊದಲ ಎರಡು ವಾರ ನಿಧಾನ

ಹೊಸ ಸೆಕೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಈ ದಿನಗಳಲ್ಲಿ ದೇಹ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ. ಬಿಸಿಲಲ್ಲಿ ಕೆಲಸ ಮಾಡುವ ಕಾರ್ಮಿಕರಿಗೆ ತಜ್ಞರು ಹೇಳುವ ಲೆಕ್ಕ ಹೀಗಿದೆ: ಹೊಸಬರು ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಭಾಗ ಮಾತ್ರ ಬಿಸಿಲಲ್ಲಿ ಮಾಡಬೇಕು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಮಿಷನರಿಗೂ ಅದೇ ಲೆಕ್ಕ.

ಕಷ್ಟ ಎಲ್ಲಿ ಅಂದರೆ, ನಿಮ್ಮ ಕಂಪ್ಯಾನಿಯನ್ ಆಗಲೇ ಹೊಂದಿಕೊಂಡಿರುತ್ತಾರೆ. ಅವರ ನಡಿಗೆಗೆ ಸರಿಯಾಗಿ ನಡೆಯಲು ಹೋಗಿ ಹೊಸಬರು ಸುಸ್ತಾಗುತ್ತಾರೆ. ಮೊದಲ ದಿನವೇ ಹೇಳಿಬಿಡಿ: "ಎಲ್ಡರ್, ನಾನು ತಂಪು ಊರಿಂದ ಬಂದವನು, ಎರಡು ವಾರ ನಿಧಾನವಾಗಿ ಹೋಗೋಣ." ಹಳಬರಿಗೂ ಒಂದು ಮಾತು. ಹೊಸಬರು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಕೇಳಬೇಕು. ಶಿಲ್ಲಾಂಗಿನಿಂದಲೋ ಡಾರ್ಜಿಲಿಂಗಿನಿಂದಲೋ ಬಂದವರ ಜೊತೆ ಇದ್ದರೆ ಇನ್ನೂ ಜಾಸ್ತಿ ಗಮನ ಇರಲಿ.

ನಾಲ್ಕನೆಯದು: ವೇಳಾಪಟ್ಟಿಯನ್ನು ತಿರುವಿ ಹಾಕಿ

ಎಲ್ಲ ಕಡೆ ನಡೆದುಬಂದ ಪಟ್ಟಿ ನಿಮಗೆ ಗೊತ್ತು. 6:30ಕ್ಕೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಓದು, 10ರ ಹೊತ್ತಿಗೆ ಹೊರಗೆ, ರಾತ್ರಿ 9ಕ್ಕೆ ಮನೆ, 10:30ಕ್ಕೆ ನಿದ್ದೆ. ತಂಪು ಊರಿಗೆ ಇದು ಸರಿ. ಚೆನ್ನೈಯ ಮೇ ತಿಂಗಳಲ್ಲಿ ಇದನ್ನೇ ಹಿಡಿದರೆ ತಂಪಿನ ಹೊತ್ತೆಲ್ಲ ಮನೆಯೊಳಗೆ ಕಳೆದು, ಬಿಸಿಲು ಏರುವಾಗ ಸರಿಯಾಗಿ ಹೊರಗೆ ಕಾಲಿಟ್ಟ ಹಾಗಾಗುತ್ತದೆ.

2017ರಿಂದ ಈ ಪಟ್ಟಿಯನ್ನು ಊರಿಗೆ ತಕ್ಕಂತೆ ಹೊಂದಿಸಲು ಅವಕಾಶ ಇದೆ. ಸುಮ್ನೆ ನಿಮ್ಮಷ್ಟಕ್ಕೆ ಬದಲಿಸಬೇಡಿ. ನಿಮ್ಮ ಗುಂಪಿನ ಮುಂದಾಳು ಮಿಷನರಿ, ಅಂದರೆ ಡಿಸ್ಟ್ರಿಕ್ಟ್ ಲೀಡರ್ ಮೂಲಕ ಮಿಷನ್ ಪ್ರೆಸಿಡೆಂಟರನ್ನು ಕೇಳಿ. ಕೇಳುವಾಗ "ಸೆಕೆ ತಡೆಯಲಾಗುತ್ತಿಲ್ಲ" ಅಂತಷ್ಟೇ ಹೇಳಬೇಡಿ. ಯಾವ ಹೊತ್ತಲ್ಲಿ ಏನು ಮಾಡುತ್ತೀರಿ ಅಂತ ಬರೆದುಕೊಡಿ. ಹೀಗೆ ಇರಬಹುದು:

ಬೆಳಿಗ್ಗೆ ಒಪ್ಪಿಗೆ ಸಿಕ್ಕಿದಷ್ಟು ಬೇಗ ಎದ್ದು ವ್ಯಾಯಾಮ ಮುಗಿಸಿ. ಮೇ ತಿಂಗಳಲ್ಲಿ 5:45ರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, 8ಕ್ಕೆಲ್ಲ ಬಿಸಿಲು ಚುರುಕಾಗುತ್ತದೆ. ತಿಂಡಿ ಮುಗಿಸಿ 7:30ಕ್ಕೆ ಹೊರಬಿದ್ದರೆ 10:30ರವರೆಗೆ ಓಡಾಡಬಹುದು. ಆಫೀಸಿಗೆ ಹೋಗುವವರು ಆಗ ಸಿಗುವುದಿಲ್ಲ, ನಿಜ. ಆದರೆ ಸಭೆಯ ವಯಸ್ಸಾದ ಸದಸ್ಯರು, ಮನೆಯಲ್ಲೇ ಇರುವವರು ಸಿಗುತ್ತಾರೆ. ಅಜ್ಜಿಯೊಬ್ಬರ ಮನೆಗೆ 20 ಲೀಟರ್ ನೀರಿನ ಕ್ಯಾನ್ ಮೇಲೆ ಹತ್ತಿಸಿಕೊಡುವ ಕೆಲಸಕ್ಕೆ ಅದೇ ಒಳ್ಳೆಯ ಹೊತ್ತು.

11ರಿಂದ 4ರವರೆಗೆ ಒಳಗೆ ಇರಿ. ಬೆಳಗಿನ ಓದು ಈಗ ಮಾಡಿ. ತಮಿಳು ಕಲಿಯಿರಿ. ಫೋನಿನಲ್ಲಿ ಮಾತಾಡಬೇಕಾದವರ ಜೊತೆ ಮಾತಾಡಿ, ಸಂಜೆಯ ಅಪಾಯಿಂಟ್‌ಮೆಂಟ್ ಖಚಿತಪಡಿಸಿಕೊಳ್ಳಿ. ಊಟವಾದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ ಅದು ಸೋಮಾರಿತನ ಅಲ್ಲ. ಆ ಊರೇ ಆ ಹೊತ್ತಲ್ಲಿ ಹಾಗಿರುತ್ತದೆ. ಮಧ್ಯಾಹ್ನ 2ಕ್ಕೆ ಹೋಗಿ ಬಾಗಿಲು ತಟ್ಟಿದರೆ ಮಲಗಿದವರನ್ನು ಎಬ್ಬಿಸಿದ ಹಾಗಾಗುತ್ತದೆ. ಮೊದಲೇ ಬನ್ನಿ ಅಂತ ಕರೆದವರ ಮನೆಗಷ್ಟೇ, ಅವರು ಹೇಳಿದ ಹೊತ್ತಿಗೆ ಹೋಗುವುದೇ ಎಲ್ಲ ಕಾಲಕ್ಕೂ ಒಳ್ಳೆಯದು.

ಸಂಜೆಗೆ ಒಂದು ಉಪಾಯ ಇದೆ, ಇದನ್ನು ಯಾರೂ ಬರೆದಿಡುವುದಿಲ್ಲ. ಮಧ್ಯಾಹ್ನದ ಮೇಲೆ ಚೆನ್ನೈಗೆ ಸಮುದ್ರದ ಗಾಳಿ ಬರುತ್ತದೆ. ಮೊದಲು ತಟ್ಟುವುದು ಮೈಲಾಪುರ, ಅಡಯಾರ್, ತಿರುವಾನ್ಮಿಯೂರ್ ಕಡೆಗೆ. ಅಂಬತ್ತೂರು, ತಾಂಬರಂ ಕಡೆಗೆ ತಲುಪುವಾಗ ತಡವಾಗುತ್ತದೆ. ಹಾಗಾಗಿ 4ರ ನಂತರದ ಮೊದಲ ಭೇಟಿ ಸಮುದ್ರದ ಬದಿಯಲ್ಲಿ ಇಟ್ಟುಕೊಂಡು, ಒಳಗಿನ ಬಡಾವಣೆಗಳಿಗೆ 6ರ ಮೇಲೆ ಹೋಗಿ. ಕೆಲವು ದಿನ ಸಮುದ್ರದ ಗಾಳಿ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ, ಪಶ್ಚಿಮದ ಬಿಸಿಗಾಳಿಯೇ ಬೀಸುತ್ತಿರುತ್ತದೆ. ಅದೇ ಅಪಾಯದ ದಿನ. ಅಂಥ ದಿನ ದೂರದ ಭೇಟಿ ಮುಂದೂಡಿ.

ಓಡಾಟಕ್ಕೆ ಬಸ್ಸು ಅಗ್ಗ, ಬೀಚ್–ತಾಂಬರಂ ಲೋಕಲ್ ರೈಲು ಇನ್ನೂ ಸುಲಭ. ಮೆಟ್ರೋ ಟಿಕೆಟ್ ಸ್ವಲ್ಪ ಜಾಸ್ತಿ, ಆದರೆ ಎಸಿ ಇದೆ. ಕತ್ತಿರಿ ದಿನಗಳಲ್ಲಿ ಆ ದುಡ್ಡು ಉಳಿಸಲು ಹೋಗಬೇಡಿ. ಸೈಕಲ್ ಇದ್ದರೆ ಬೆಳಿಗ್ಗೆ, ಸಂಜೆಗೆ ಮಾತ್ರ.

ಐದನೆಯದು: ನೀರು, ಊಟ, ಮತ್ತು ಕಾಫಿ ಬೇಡ ಅನ್ನುವ ಬಗೆ

ಬಾಯಾರಿಕೆಗೆ ಕಾಯಬೇಡಿ. ಬಿಸಿಲಲ್ಲಿ ಇರುವಾಗ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಹಾಗಂತ ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು. ಬರೀ ನೀರೇ ತುಂಬಿಕೊಂಡರೆ ರಕ್ತದಲ್ಲಿ ಉಪ್ಪು ಕಡಿಮೆಯಾಗಿ ಬೇರೆ ತೊಂದರೆ ಬರುತ್ತದೆ. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ. ಹೊರಗೆ ಶೌಚಾಲಯ ಸಿಗುವುದಿಲ್ಲ ಅಂತ ಸಿಸ್ಟರ್‌ಗಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ಸದಸ್ಯರ ಮನೆ, ಮೆಟ್ರೋ ನಿಲ್ದಾಣ, ಸಭಾಮಂದಿರ ನಡುವೆ ನಡುವೆ ಬರುವ ಹಾಗೆ ದಿನದ ದಾರಿ ಹಾಕಿಕೊಳ್ಳಿ. ಇಂಥ ಪಟ್ಟಿ ಮಾಡಿಕೊಡುವುದು ಲೀಡರ್‌ಗಳ ಜವಾಬ್ದಾರಿಯೂ ಹೌದು.

ಬ್ಯಾಗಿನಲ್ಲಿ ಓಆರ್‌ಎಸ್ ಪುಡಿ ಯಾವಾಗಲೂ ಇರಲಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ. ಸಿಹಿ ಪಾನೀಯದ ಡಬ್ಬಿ ಆ ಕೆಲಸ ಮಾಡುವುದಿಲ್ಲ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟವಾಗಿ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ.

ಅಲ್ಲಿನ ಬೀದಿಯೇ ನಿಮಗೆ ಬೇಕಾದ್ದನ್ನು ಕೊಡುತ್ತದೆ. ನೀರ್ ಮೋರ್ ಅಂದರೆ ನಮ್ಮ ನೀರು ಮಜ್ಜಿಗೆಯೇ. ಎಳನೀರು ಎಲ್ಲ ಕಡೆ ಸಿಗುತ್ತದೆ. ಬೇಸಿಗೆಯಲ್ಲಿ ತಾಟಿ ಮರದ ಎಳೆ ಕಾಯಿ ಬರುತ್ತದೆ, ನುಂಗು ಅಂತ ಮಾರುತ್ತಾರೆ. ಕೂಳು ಗಾಡಿ ಕಂಡರೆ ನಿಲ್ಲಿ. ಅದು ನಮ್ಮ ರಾಗಿ ಅಂಬಲಿಯ ನೆಂಟ. ಈರುಳ್ಳಿ, ಮಜ್ಜಿಗೆ ಮೆಣಸಿನಕಾಯಿ ಜೊತೆ ಕೊಡುತ್ತಾರೆ. ಕತ್ತರಿಸಿ ಇಟ್ಟ ಹಣ್ಣು, ಎಲ್ಲಿಯದೋ ಗೊತ್ತಿಲ್ಲದ ಐಸ್ ಹಾಕಿದ ಜ್ಯೂಸ್ ಮಾತ್ರ ಬೇಡ. ಸೆಕೆಯಲ್ಲಿ ಭೇದಿ ಹಿಡಿದರೆ ಒಂದೇ ದಿನದಲ್ಲಿ ಮೈ ಒಣಗಿಹೋಗುತ್ತದೆ.

ಇನ್ನು ಕಾಫಿ. 1833ರಿಂದ ಬಂದ ನಮ್ಮ ಆರೋಗ್ಯದ ನಿಯಮದಲ್ಲಿ ಕಾಫಿ, ಟೀ ಇಲ್ಲ. ಚೆನ್ನೈಯಲ್ಲಿ ಅತಿಥಿಗೆ ಫಿಲ್ಟರ್ ಕಾಫಿ ಕೊಡದೆ ಕಳಿಸುವುದಿಲ್ಲ. ಲೋಟ ಕೈಗೆ ಬಂದ ಮೇಲೆ ಬೇಡ ಅಂದರೆ ಮನೆಯವರಿಗೆ ನೋವಾಗುತ್ತದೆ. ಅಮ್ಮ ಅಡುಗೆಮನೆ ಕಡೆ ತಿರುಗುವಾಗಲೇ ನಗುತ್ತಾ ಹೇಳಿ: "ಕಾಪಿ ವೇಂಡಾಂ ಅಮ್ಮಾ, ಮೋರ್ ಇರುಂದಾ ಪೋದುಂ." ಮಜ್ಜಿಗೆ ಇದ್ದರೆ ಸಾಕು ಅಂತ. ಬೇಡ ಅನ್ನುವುದರ ಜೊತೆಗೆ ಒಂದು ಬೇಕು ಅನ್ನುವುದನ್ನೂ ಹೇಳಿದರೆ ಅವರಿಗೆ ಉಪಚಾರ ಮಾಡಿದ ಸಮಾಧಾನ, ನಿಮಗೆ ಉಪ್ಪು ನೀರು ಎರಡೂ ಸಿಕ್ಕ ಹಾಗೆ. ಉಪ್ಪು ಹಾಕಿದ ನಿಂಬೆ ನೀರನ್ನೂ ಕೇಳಬಹುದು. ನಾಚಿಕೊಂಡು ಏನೂ ಬೇಡ ಅಂದು ಎದ್ದು ಬರಬೇಡಿ.

ಆರನೆಯದು: ಉಪವಾಸದ ಭಾನುವಾರ

ಇದರ ಬಗ್ಗೆ ಮನೆಯವರಿಗೆ ಚಿಂತೆ ಜಾಸ್ತಿ, ಹೊಸಬರಿಗೆ ಸಂಕೋಚ ಜಾಸ್ತಿ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಸುಮಾರು 24 ಗಂಟೆ ಊಟವೂ ಇಲ್ಲ, ನೀರೂ ಇಲ್ಲ. ಅದು ನಮ್ಮ ನಂಬಿಕೆಯ ಭಾಗ, ನನಗೂ ಪ್ರೀತಿಯದು. ಆದರೆ ಆರೋಗ್ಯ ಸರಿ ಇಲ್ಲದವರು ತಮ್ಮ ಸ್ಥಿತಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು ಅನ್ನುವುದೂ ಅದೇ ಬೋಧನೆಯಲ್ಲಿದೆ.

ಮಾಡುವ ರೀತಿ ಹೀಗೆ. ಶನಿವಾರ ಮಧ್ಯಾಹ್ನದಿಂದಲೇ ನೀರು, ಮಜ್ಜಿಗೆ ಆಗಾಗ ಕುಡಿಯುತ್ತಾ ಬನ್ನಿ. ಒಮ್ಮೆಗೇ ಕುಡಿದರೆ ಪ್ರಯೋಜನವಿಲ್ಲ. ಶನಿವಾರ ಸಂಜೆಯ ಊಟಕ್ಕೆ ಉಪ್ಪು ಖಾರ ಹಿತಮಿತವಾಗಿರಲಿ. ಆ ಊಟದಿಂದ ಉಪವಾಸ ಶುರುವಾದರೆ ಭಾನುವಾರ ಸಂಜೆಗೆ ಮುಗಿಯುತ್ತದೆ. ಭಾನುವಾರದ ಸಭೆ 2019ರಿಂದ ಎರಡೇ ಗಂಟೆ. ಸಭೆ ಮುಗಿದ ಮೇಲೆ ನಡೆದು ಬರಬೇಡಿ, ಬಸ್ಸೋ ಆಟೋವೋ ಹಿಡಿದು ಮನೆಗೆ ಬನ್ನಿ. ಸಂಜೆಯವರೆಗೆ ಫ್ಯಾನಿನ ಕೆಳಗೆ ಇರಿ. ತಲೆ ಸುತ್ತು, ಎದೆ ಬಡಿತ ಜಾಸ್ತಿ, ಎಂಟು ಗಂಟೆ ಕಾಲ ಮೂತ್ರವೇ ಇಲ್ಲ ಅಂತಾದರೆ ಅಲ್ಲಿಗೇ ನಿಲ್ಲಿಸಿ ನೀರು ಕುಡಿಯಿರಿ. ಜ್ವರ, ಭೇದಿಯಿಂದ ಎದ್ದ ವಾರದಲ್ಲಿ, ಅಥವಾ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಲ್ಲು ಇರುವವರು ಈ ಉಪವಾಸ ಹಿಡಿಯುವ ಮೊದಲೇ ಡಾಕ್ಟರನ್ನೂ ಮಿಷನ್ ಪ್ರೆಸಿಡೆಂಟರನ್ನೂ ಕೇಳಬೇಕು. ಯಾವ ದೇವರೂ ಮಗು ಬಿಸಿಲಲ್ಲಿ ಬೀಳಲಿ ಅಂತ ಬಯಸುವುದಿಲ್ಲ.

ಏಳನೆಯದು: ಕಂಪ್ಯಾನಿಯನ್ ಸುಸ್ತಾದರೆ

ಇಬ್ಬರಾಗಿರುವುದರ ದೊಡ್ಡ ಲಾಭ ಇಲ್ಲೇ. ಬಿಸಿಲು ಹೊಡೆದವರಿಗೆ ತಮಗೇನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಜೊತೆಯವರು ನೋಡಬೇಕು.

ತಲೆನೋವು, ವಾಕರಿಕೆ, ಕಾಲಿನ ಸೆಳೆತ, ತಲೆಸುತ್ತು ಕಂಡರೆ ನೆರಳಿಗೆ ಕೂರಿಸಿ. ಟೈ ಬಿಚ್ಚಿ, ಶೂ ಕಳಚಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಒಂದು ಗಂಟೆಯಲ್ಲಿ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ.

ಮಾತು ತಡವರಿಸುವುದು, ಎಲ್ಲಿದ್ದೇನೆ ಅಂತ ಗೊತ್ತಾಗದಿರುವುದು, ತೂರಾಡುವುದು, ಸಿಡುಕಿ ವಿಚಿತ್ರವಾಗಿ ವರ್ತಿಸುವುದು, ಪ್ರಜ್ಞೆ ತಪ್ಪುವುದು: ಇವುಗಳಲ್ಲಿ ಒಂದಿದ್ದರೂ ಅದು ಶಾಖಾಘಾತ ಅಂತಲೇ ತಿಳಿಯಿರಿ. ಒಳಗಿನ ಕಾವು 40 ಡಿಗ್ರಿ ದಾಟಿರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಇನ್ನೂ ಬೆವರುತ್ತಿದ್ದಾರೆ, ಹಾಗಾಗಿ ಶಾಖಾಘಾತ ಅಲ್ಲ ಅಂದುಕೊಳ್ಳಬೇಡಿ. ನಡೆದು ದಣಿದವರಲ್ಲಿ ಬೆವರು ನಿಲ್ಲದೆಯೂ ಇದು ಆಗುತ್ತದೆ. ಪ್ರಾರ್ಥನೆ ಮಾಡಿ, ಆದರೆ ಕೈ ನೀರು ಸುರಿಯುತ್ತಲೇ ಇರಲಿ.

ಎಂಟನೆಯದು: ಮನೆ ಮತ್ತು ರಾತ್ರಿ

ಮೇಲಿನ ಮಹಡಿಯ ಮನೆಯಾದರೆ ತಾರಸಿ ಹಗಲೆಲ್ಲ ಕಾದು ರಾತ್ರಿಯೆಲ್ಲ ಕಾವು ಬಿಡುತ್ತದೆ. ಮನೆ ಬದಲಿಸುವ ಮಾತು ಬಂದಾಗ ಕೆಳಗಿನ ಮಹಡಿ ಕೇಳಿ. ಹಗಲು ಬಿಸಿಲು ಬೀಳುವ ಕಿಟಕಿಗೆ ದಪ್ಪ ಪರದೆ ಹಾಕಿ, ಸಂಜೆ ಗಾಳಿ ಬಂದಾಗ ತೆರೆಯಿರಿ. ಸೊಳ್ಳೆ ಪರದೆ ಮರೆಯಬೇಡಿ. ಹೈದರಾಬಾದಿನಲ್ಲಿ ಚೆನ್ನಾಗಿ ನಡೆಯುವ ನೀರಿನ ಕೂಲರ್ ಚೆನ್ನೈಯಲ್ಲಿ ಕೋಣೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ. ಮಣ್ಣಿನ ಮಡಕೆಯ ನೀರೂ ನಮ್ಮ ಉತ್ತರ ಕರ್ನಾಟಕದಲ್ಲಿ ಆದಷ್ಟು ತಣ್ಣಗಾಗುವುದಿಲ್ಲ. ಮಲಗುವ ಮೊದಲು ಸ್ನಾನ ಮಾಡಿ, ಹತ್ತಿ ಪಂಚೆಯೋ ನೈಟಿಯೋ ಸಾಕು.

ಬೆವರುಸಾಲೆಗೆ ಪೌಡರ್ ಸುರಿಯುವುದಕ್ಕಿಂತ ದಿನಕ್ಕೆರಡು ಸ್ನಾನ, ಮೈ ಪೂರ್ತಿ ಒರೆಸಿ ಒಣಗಿಸುವುದು ಮುಖ್ಯ. ನೀರನ್ನು ಮಾತ್ರ ಲೆಕ್ಕ ಹಾಕಿ ಬಳಸಿ. 2019ರ ಬೇಸಿಗೆಯಲ್ಲಿ ಪೂಂಡಿ, ರೆಡ್ ಹಿಲ್ಸ್, ಚೋಳವರಂ, ಚೆಂಬರಂಬಾಕ್ಕಂ ಕೆರೆಗಳು ಬತ್ತಿ ಇಡೀ ಊರು ಲಾರಿ ನೀರಿಗೆ ಕಾದಿತ್ತು. ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸುವುದು ಅಲ್ಲಿ ನೆರೆಮನೆಯವರಿಗೆ ತೋರುವ ಮರ್ಯಾದೆ.

ಒಂಬತ್ತನೆಯದು: ಪಿ-ಡೇ

ಪಿ-ಡೇ ಅಂದರೆ ಪ್ರಿಪರೇಷನ್ ಡೇ, ಸಿದ್ಧತೆಯ ದಿನ: ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಮಾತಾಡಲು ಸಿಗುತ್ತದೆ. ಆದರೆ ಬೆವರಿನ ಬಿಳಿ ಶರ್ಟನ್ನು ಪಿ-ಡೇವರೆಗೆ ಇಡಬೇಡಿ. ಅಂದಂದಿನ ರಾತ್ರಿಯೇ ಕಾಲರ್, ಕಂಕುಳಿಗೆ ಬಾರ್ ಸೋಪು ಉಜ್ಜಿ ಜಾಲಿಸಿ ಹಾಕಿ. ಬೋರ್ ನೀರು ಗಡುಸಾಗಿದ್ದರೆ ಬಿಳಿ ಬಟ್ಟೆ ಹಳದಿಗೆ ತಿರುಗುತ್ತದೆ. ಕೊನೆಯ ಜಾಲಿಗೆ ನೀಲಿ ಹಾಕಿ. ಮರೀನಾಕ್ಕೆ ಹೋಗುವುದಾದರೆ ಬೆಳಿಗ್ಗೆ ಹೋಗಿ ಬನ್ನಿ, ಹಗಲು ಮರಳು ಕಾಲು ಸುಡುತ್ತದೆ.

2019ರ ಫೆಬ್ರವರಿಯಿಂದ ಮಿಷನರಿಗಳು ಪ್ರತಿ ವಾರ ಮನೆಗೆ ಫೋನ್ ಅಥವಾ ವಿಡಿಯೊ ಕರೆ ಮಾಡಬಹುದು. ಅದಕ್ಕೂ ಮೊದಲು ವರ್ಷಕ್ಕೆ ಎರಡೇ ಸಲ ಇದ್ದದ್ದು. ಅಪ್ಪ ಅಮ್ಮಂದಿರೇ, ಆ ಕರೆಯಲ್ಲಿ "ಚೆನ್ನಾಗಿದ್ದೀಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಾ, ಇವತ್ತು ಎಷ್ಟು ಬಾಟಲಿ ನೀರು ಕುಡಿದೆ, ಕಾಲು ತೋರಿಸು ಅಂತ ಕೇಳಿ. ತೊಂದರೆ ಇದ್ದರೆ ಮಿಷನ್ ಪ್ರೆಸಿಡೆಂಟರ ಹೆಂಡತಿಗೆ ತಿಳಿಸಲು ಮಗನಿಗೋ ಮಗಳಿಗೋ ಹೇಳಿ. ಮಿಷನರಿಗಳ ಆರೋಗ್ಯ ವಿಚಾರಿಸಿಕೊಳ್ಳುವುದು ಸಾಮಾನ್ಯವಾಗಿ ಅವರೇ.

ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಬರುತ್ತದೆ, ಯಾರಾದರೂ ಹೊರಡುತ್ತಾರೆ. ಹೊರಡುವ ಮುಂಚೆ ಮುಂದೆ ಬರುವವರಿಗಾಗಿ ಬರೆದಿಡಿ: ಯಾವ ಬೀದಿಗೆ ಮಧ್ಯಾಹ್ನ ನೆರಳು ಬರುತ್ತದೆ, ಯಾವ ಸದಸ್ಯರ ಮನೆಯಲ್ಲಿ ಸಿಸ್ಟರ್‌ಗಳು ಮುಖ ತೊಳೆದುಕೊಳ್ಳಬಹುದು, ಶುದ್ಧ ನೀರು ತುಂಬಿಸಿಕೊಳ್ಳಲು ಎಲ್ಲಿ ಸಿಗುತ್ತದೆ, ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು. ಬರುವವರು ಊಟಿಯಿಂದ ಬರುತ್ತಾರೋ ಕೊಹಿಮಾದಿಂದ ಬರುತ್ತಾರೋ ಗೊತ್ತಿಲ್ಲ, ಆದ್ದರಿಂದ ಬಿಡಿಸಿ ಬರೆಯಿರಿ.